ಮುಖದ ಮೇಲೆ ಒಂದು, ಒಳಗೆ ನಾಲ್ಕು

ನಮ್ಮತ್ತಿಗೆಗೆ ಮನೆಯಲ್ಲಿ ‘ಚೀಟಿ’ ಎಂದೇ ಅಡ್ಡಹೆಸರು. ಉಪ್ಪಿನ ಡಬ್ಬಿಗೂ ಚೀಟಿ, ಸಕ್ಕರೆ ಡಬ್ಬಿಗೂ ಚೀಟಿ, ಬೀಗದ ಕೈಗಳಿಗಂತೂ ಎರಡೆರಡು. ಸದ್ಯ, ಅಣ್ಣನ ಬೆನ್ನಿಗೊಂದು ಅಂಟಿಸಿಲ್ಲ. ಅಂಥವರು ಒಂದು ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಮೂರು ದಿನ ಒದ್ದಾಡಿದ್ದನ್ನು ನಾನೇ ಕಣ್ಣಾರೆ ಕಂಡೆ.

ನಾನು ಗುಮಾಸ್ತನಾಗಿರುವ ಗ್ರಂಥಾಲಯದಲ್ಲಿ ಹನ್ನೆರಡು ಹಳೆಯ ನೆಟ್‌ವರ್ಕ್ ಸ್ವಿಚ್‌ಗಳು ಮೂಲೆ ಸೇರಿದ್ದವು. ಸ್ವಿಚ್ ಎಂದರೆ ಹೊರಗಿನಿಂದ ಬಂದ ಇಂಟರ್ನೆಟ್ಟನ್ನು ಕಂಪ್ಯೂಟರುಗಳಿಗೆ ಹಂಚುವ, ಎಂಟು ಪೋರ್ಟಿನ, ಅಂದರೆ ಕೇಬಲ್ ಸಿಕ್ಕಿಸುವ ಎಂಟು ಕಿಂಡಿಗಳ, ಪೆಟ್ಟಿಗೆ. ತಯಾರಿಸಿದವರು ಅದರ ಸಾಫ್ಟ್‌ವೇರನ್ನು ಕೈಬಿಟ್ಟು ವರ್ಷಗಳಾಗಿದ್ದವು. ರಿಪೇರಿ ಅಂಗಡಿ ನಡೆಸುವ ಅತ್ತಿಗೆ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಸಾಫ್ಟ್‌ವೇರ್ ಹಾಕಿ ಅವನ್ನು ಬದುಕಿಸುತ್ತೇನೆಂದು ಮುಂದೆ ಬಂದರು.

ಗ್ರಂಥಪಾಲಕರು ಖಡಾಖಂಡಿತವಾಗಿ ಹೇಳಿದರು: “ಶುಕ್ರವಾರದೊಳಗೆ ಒಂದನ್ನ ಓಡಿಸಿ ತೋರ್ಸಿ. ಓಡಿದ್ರೆ ಮಿಕ್ಕಿದ್ದರ ಕೆಲಸಾನೂ ನಿಮ್ಮದೇ. ಇಲ್ಲಾಂದ್ರೆ ಎಲ್ಲಾ ಗುಜರಿಗೆ.”

ಕಾಲೇಜು ಅರ್ಧಕ್ಕೇ ಬಿಟ್ಟ ಅತ್ತಿಗೆಗೆ ಇಂಥ ಕೆಲಸವನ್ನು ಅಲ್ಲಿಯವರೆಗೆ ಯಾರೂ ನಂಬಿ ಕೊಟ್ಟಿರಲಿಲ್ಲ.

ಹೊರಗಿನ ಕೇಬಲ್‌ಗೆಂದು ಸಾಫ್ಟ್‌ವೇರಿನಲ್ಲಿ ಒಂದನೆಯ ಪೋರ್ಟನ್ನು ಮೀಸಲಿಟ್ಟು, ‘1’ ಎಂದು ಅಚ್ಚಾದ ಕಡೆ ಕೇಬಲ್ ಸಿಕ್ಕಿಸಿದರು. ಜಪ್ಪಯ್ಯ ಅಂದರೂ ಇಂಟರ್ನೆಟ್ ಬರಲಿಲ್ಲ. ಕೇಬಲ್ ಬದಲಿಸಿದರು, ತುದಿ ಕತ್ತರಿಸಿ ಹೊಸ ಪ್ಲಗ್ ಕೂರಿಸಿದರು, ಊಟ ಬಿಟ್ಟರು. ಗುರುವಾರ ಮಧ್ಯಾಹ್ನ ಧೂಳೊರೆಸಲು ಕಿತ್ತ ಕೇಬಲನ್ನು ನಾನು ಮಾತಿನ ಭರದಲ್ಲಿ ನಾಲ್ಕನೆಯದಕ್ಕೆ ತುರುಕಿದೆ. ಇಂಟರ್ನೆಟ್ ಬಂದೇಬಿಟ್ಟಿತು.

“ಏ, ಮುಟ್ಬೇಡ!” ಎಂದು ಅತ್ತಿಗೆ ಕೂಗಿದರು. ಆಮೇಲೆ ಪರದೆಯ ಮುಂದೆ ಕೂತು, “ಈಗ ಒಂದೊಂದ್ರಲ್ಲೇ ಹಾಕ್ತಾ ಬಾ. ಮೇಲಿರೋ ಅಂಕಿ ಜೋರಾಗಿ ಹೇಳು” ಎಂದರು.

“ಒಂದು.”

“ಇಲ್ಲಿ ನಾಲ್ಕು ಅಂತಿದೆ.”

ಎರಡಕ್ಕೆ ಮೂರು, ಐದಕ್ಕೆ ಎಂಟು. ಪೆಟ್ಟಿಗೆಯೊಳಗೆ ಚಿಪ್‌ನಿಂದ ಪೋರ್ಟುಗಳಿಗೆ ಬರುವ ತಾಮ್ರದ ಗೆರೆಗಳನ್ನು ನಾಲ್ಕು ನಾಲ್ಕರಂತೆ ತಿರುವುಮುರುವಾಗಿ ಎಳೆದಿದ್ದರು. ಈ ಮಾದರಿಗೆ ಸಾಫ್ಟ್‌ವೇರ್ ಹೊಂದಿಸಿದ ಪುಣ್ಯಾತ್ಮರು ಅದನ್ನು ಗಮನಿಸಿಯೇ ಇರಲಿಲ್ಲ.

“ಬಿಡಿ ಅತ್ತಿಗೆ, ಮೇಲೆ ಹೊಸ ಚೀಟಿ ಅಂಟಿಸಿಬಿಡಿ. ನಿಮ್ಗದು ನೀರು ಕುಡಿದಷ್ಟು ಸುಲಭ” ಎಂದೆ.

ಅವರು ದುರುಗುಟ್ಟಿ ನೋಡಿದರು. “ಇನ್ನೆಲ್ಲೋ ಇದೇ ಪೆಟ್ಟಿಗೆ ಇಟ್ಕೊಂಡು ತಲೆ ಕೆಡಿಸ್ಕೊಂಡಿರ್ತಾರಲ್ಲ, ಅವ್ರಿಗೆ ಯಾರು ಹೋಗಿ ಚೀಟಿ ಅಂಟಿಸ್ತಾರೆ? ನೀನಾ?”

ಆ ಮಾದರಿಯ ಪೋರ್ಟುಗಳ ಪಟ್ಟಿಯಿದ್ದ ಕಡತ ತೆರೆದು, ಎಂಟೂ ಸಾಲುಗಳಲ್ಲಿ ಅಂಕಿ ತಿದ್ದಿದರು. ಶುಕ್ರವಾರ ಬೆಳಿಗ್ಗೆ ಗ್ರಂಥಪಾಲಕರೇ ಒಂದನೆಯ ಪೋರ್ಟಿಗೆ ಕೇಬಲ್ ಹಾಕಿ, ಇಂಟರ್ನೆಟ್ ಬಂದದ್ದು ನೋಡಿ, ಮಿಕ್ಕ ಹನ್ನೊಂದನ್ನೂ ಅತ್ತಿಗೆಗೆ ಒಪ್ಪಿಸಿದರು.

ತಿದ್ದಿದ ಕಡತವನ್ನು ಅತ್ತಿಗೆ ಆ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೂ ಕಳಿಸಿದ್ದರು. ಅವರು ಹತ್ತು ಪ್ರಶ್ನೆ ಕೇಳಿ, ಕೊನೆಗೆ ಆ ತಿದ್ದುಪಡಿಯನ್ನು ಅತ್ತಿಗೆಯ ಹೆಸರು, ಇಮೇಲ್ ಸಮೇತ ಸೇರಿಸಿಕೊಂಡರು. ಎರಡು ತಿಂಗಳಾದ ಮೇಲೆ ಗುರುತು ಪರಿಚಯವಿಲ್ಲದ ಶಾಲಾ ಮೇಷ್ಟ್ರೊಬ್ಬರ ಇಮೇಲ್ ಬಂತು: “ಇದೇ ಮಾದರಿಯ ಸ್ವಿಚ್ಚನ್ನು ಹೋದ ವರ್ಷ ಸೋತು ಮೂಲೆಗೆಸೆದಿದ್ದೆ. ಈಗ ಹೊಸ ಸಾಫ್ಟ್‌ವೇರ್ ಹಾಕಿ, ಒಂದನೆಯ ಪೋರ್ಟಿಗೆ ಕೇಬಲ್ ಸಿಕ್ಕಿಸಿದೆ. ಬೇರೇನೂ ಮಾಡಬೇಕಾಗಲಿಲ್ಲ.”

ಅತ್ತಿಗೆ ಅದನ್ನು ಮೂರು ಸಲ ಓದಿದರು. ಕಣ್ಣೊರೆಸಿಕೊಂಡು ನಕ್ಕರು.

“ನೋಡಿದ್ಯೇನೋ? ಬೇರೇನೂ ಮಾಡ್ಬೇಕಾಗ್ಲಿಲ್ವಂತೆ!”