ವೈನಿ ಏನಂದ್ರು?

ಮದುವೆಗೆ ಮುಂಚೆ ಹಾನಗಲ್ಲಿನಲ್ಲಿ ಸಿನೆಮಾದ ವಿಷಯಕ್ಕೆ ನನ್ನ ಮಾತೇ ಕೊನೆಯ ಮಾತು. ಏಕೀಕರಣವಾಗಿ ಎರಡು ಮೂರು ವರ್ಷವಾಗಿತ್ತು. ನಾನು ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಹೊಸ ಸಿನೆಮಾ ಹಾಕಿದರೆ ಮೊದಲ ದಿನದ ಸಂಜೆಯ ಆಟಕ್ಕೆ ಹೋಗಿಬಿಡುತ್ತಿದ್ದೆ. ಮರುದಿನ ಕಚೇರಿ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ನಾಲ್ಕೈದು ಮಂದಿ ಗೆಳೆಯರು ನನಗಾಗಿ ಜಾಗ ಹಿಡಿದು ಕುಳಿತಿರುತ್ತಿದ್ದರು. ನಾನು ಕತ್ತಿ ಕಾಳಗ ಛಲೋ ಐತಿ ಎಂದರೆ ಅವರೆಲ್ಲ ನೋಡಲು ಹೋಗುವರು, ದೆವ್ವ ಸಪ್ಪಗೈತಿ ಎಂದರೆ ಬಿಡುವರು. ಎಲ್ಲೋ ಓದಿದ್ದ ಫೋಟೋಗ್ರಫಿ, ಡೈರೆಕ್ಷನ್ ಎಂಬ ಮಾತುಗಳನ್ನು ನಡುನಡುವೆ ಸೇರಿಸುತ್ತಿದ್ದೆ. ಅವುಗಳ ಅರ್ಥವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಷ್ಟವಿತ್ತು.

ಹೆಂಡತಿ ಸವಣೂರಿನವಳು. ಮನೆಗೆ ಬಂದ ತಿಂಗಳೊಳಗೇ ಅವಳನ್ನು ಒಂದು ಕತ್ತಿವರಸೆಯ ಸಿನೆಮಾಕ್ಕೆ ಕರೆದುಕೊಂಡು ಹೋದೆ. ಕನ್ನಡ ಸಾಲಿಯ ಮಾಸ್ತರನಾಗಿದ್ದ ನನ್ನ ಆಪ್ತ ಗೆಳೆಯನೂ ಅವನ ಹೆಂಡತಿಯೂ ಜೊತೆಗಿದ್ದರು. ಹೆಂಗಸರು ಪರದೆ ಕಟ್ಟಿದ ಆಚೆ ಬದಿಗೆ ಕುಳಿತರು, ನಾವು ಈಚೆಗೆ. ಆಟ ಬಿಟ್ಟು ನಡೆದು ಬರುವಾಗ ನಾಯಕನೊಬ್ಬನೇ ಕೋಟೆಯ ಮೆಟ್ಟಿಲ ಮೇಲೆ ಹನ್ನೆರಡು ಜನರನ್ನು ಕೆಡವಿದ್ದನ್ನು ನಾನು ಕೈಸನ್ನೆ ಮಾಡಿ ಹೊಗಳುತ್ತಿದ್ದೆ. ಹೊಸ ಮದುಮಗಳು ಸುಮ್ಮನಿದ್ದಾಳಲ್ಲ ಎಂದು ಮಾಸ್ತರ ಮರ್ಯಾದೆಗೆ, ಅತ್ತಿಗೆಯೆಂದೇ ಕರೆದು ಕೇಳಿದ, "ನಿಮಗ ಹೆಂಗ ಅನಸ್ತು ವೈನಿ?"

ಅವಳು ಹೇಳಿದಳು, "ಆ ಕುದುರಿ ಹಿಂದಿನ ಬಲಗಾಲು ಕುಂಟತಿತ್ತ್ರಿ. ಅದನ್ನ ನೋಡದ ಅಷ್ಟು ದೂರ ಓಡಿಸಿದ. ಅವನೆಂಥಾ ಶೂರ?"

ಸವಣೂರಿನಲ್ಲಿ ಅವಳ ತವರುಮನೆಯ ಎದುರಿಗೇ ಕುದುರೆಗಳಿಗೆ ಲಾಳ ಬಡಿಯುವ ಸಾಬರೊಬ್ಬರು ಇದ್ದರು. ಚಿಕ್ಕಂದಿನಿಂದ ಕಟ್ಟೆಯ ಮೇಲೆ ಕುಳಿತು ಕುದುರೆಯ ಕಾಲುಗಳನ್ನೇ ನೋಡಿ ಬೆಳೆದವಳು. ಮಾಸ್ತರ ದಾರಿಯಲ್ಲೇ ನಿಂತು ನಕ್ಕ. ಮರುದಿನ ನಾನು ಚಹಾದಂಗಡಿಗೆ ಹೋಗುವಷ್ಟರಲ್ಲಿ ಕುದುರೆಯ ಕಾಲಿನ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ನನ್ನ ಹನ್ನೆರಡು ಜನರ ಕಾಳಗವನ್ನು ಯಾರೂ ಕೇಳಲಿಲ್ಲ.

ಆಗ ನನಗೆ ಹೆಮ್ಮೆಯೇ ಅನಿಸಿತ್ತು ಎಂದು ಬರೆಯಬಹುದು, ಆದರೆ ಅದು ಸುಳ್ಳು. ನೆತ್ತಿಗೆ ಹತ್ತಿದ ಚಹಾದ ಹಾಗೆ ಏನೋ ಚುರುಗುಟ್ಟಿತ್ತು.

ಮುಂದೆ ಒಂದು ಹಿಂದಿ ದೆವ್ವದ ಸಿನೆಮಾ ಬಂತು. ನನ್ನ ಹಿಂದಿ ಅಷ್ಟಕ್ಕಷ್ಟೆ. ಸವಣೂರಿನ ನೆರೆಹೊರೆಯವರೊಂದಿಗೆ ಆಡಿ ಕಲಿತ ಉರ್ದುವಿನಿಂದ ಹೆಂಡತಿಗೆ ಪ್ರತಿಯೊಂದು ಮಾತೂ ತಿಳಿಯುತ್ತಿತ್ತು. ಭಾನುವಾರ ಬೆಳಗ್ಗೆ ಮಾಸ್ತರನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ, ಬಿಳಿ ಸೀರೆ ಉಟ್ಟು ಹಾಡುವ ಆ ದೆವ್ವ ನಾಯಕನ ಮೊದಲ ಹೆಂಡತಿ ಎಂದು ನಾನು ವಿವರಿಸಿದೆ. ನನ್ನ ಹೆಂಡತಿ ತಲೆ ತಗ್ಗಿಸಿ ಕುಳಿತಿದ್ದಳು. ಮಾಸ್ತರನ ಹೆಂಡತಿ ಒತ್ತಾಯ ಮಾಡಿ ಕೇಳಿದ ಮೇಲೆ, ಅದು ಅವನ ಅಣ್ಣನ ಹೆಂಡತಿ ಎಂದು ಮೆಲ್ಲಗೆ ಹೇಳಿದಳು. ಅತ್ತೆಯಾದವಳು ಆ ಸೊಸೆಯನ್ನು ಕೋಣೆಯಲ್ಲಿ ಕೂಡಿ ಹಾಕಿದ್ದನ್ನು ಆಳು ಮನುಷ್ಯ ಹೇಳುತ್ತಾನಲ್ಲ ಎಂದಳು.

"ನನಗ ದೆವ್ವದ ಹೆದರಿಕಿ ಬರಲಿಲ್ಲ. ಆ ಮುದುಕಿ ಕೀಲಿಕೈ ಸೊಂಟಕ್ಕ ಸಿಗಿಸಿಕೊಂಡು ಊಟಕ್ಕ ಕುಂತ್ಲಲ್ಲ, ಅದನ್ನ ನೋಡಿ ಹೆದರಿಕಿ ಬಂತು."

ಮಾಸ್ತರನ ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ಖರೇನ ನೋಡ್ರಿ, ಎಂದಳು. ಅವಳ ಅತ್ತೆ ಒಳಗಿನ ಕೋಣೆಯಲ್ಲೇ ಇದ್ದಳು.

ಅಂದಿನಿಂದ ಶುರುವಾಯಿತು. ಚಹಾದಂಗಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಯಾರಾದರೊಬ್ಬರು, "ವೈನಿ ಏನಂದ್ರು?" ಎನ್ನುವರು. ನಾನು ಅವಳ ಮಾತು ಹೇಳಿದರೆ ನಗುವರು, ತಲೆದೂಗುವರು. ನನ್ನ ಮಾತು ಹೇಳಿದರೆ ಕೋಲೆಬಸವನ ಹಾಗೆ ತಲೆಯಾಡಿಸಿ ಬೀಡಿ ಹಚ್ಚುವರು. ನಾನು ಇನ್ನೂ ಗಮನವಿಟ್ಟು ನೋಡತೊಡಗಿದೆ. ಕುದುರೆ, ಕತ್ತಿ, ದೀಪ ಎಲ್ಲವನ್ನೂ ಪರೀಕ್ಷಿಸಿದೆ. ಹಾಗೆ ನೋಡುತ್ತ ಕಥೆಯೇ ಕೈತಪ್ಪುತ್ತಿತ್ತು. ಪರದೆಯ ಆಚೆ ಬದಿಯಿಂದ ಅವಳ ನಗು ಕೇಳಿಸಿದರೆ ನಾನು ಏನು ಬಿಟ್ಟೆನೋ ಎಂದು ಅತ್ತ ಕತ್ತು ಹೊರಳಿಸುತ್ತಿದ್ದೆ. ಕ್ರಮೇಣ ಕಚೇರಿಯ ಕೆಲಸದ ನೆವ ಹೇಳಿ ಅವಳನ್ನು ಸಿನೆಮಾಕ್ಕೆ ಕರೆದೊಯ್ಯುವುದನ್ನೇ ಬಿಟ್ಟೆ.

ಒಮ್ಮೆ ಕಾಗದಪತ್ರದ ಕೆಲಸಕ್ಕೆ ಶಿಗ್ಗಾಂವಿಗೆ ಹೋದಾಗ ಅಲ್ಲಿ ಒಂದು ಪಾಳುಬಂಗಲೆಯ ಸಿನೆಮಾ ಓಡುತ್ತಿತ್ತು. ಒಬ್ಬನೇ ನೋಡಿದೆ. ಕಪಾಟಿನ ಬಾಗಿಲು ತಾನಾಗಿ ತೆರೆದು ಒಂದು ಕೈ ಹೊರಬಂದಾಗ ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ದುಂಡಸಿ ಊರಿನ ರೈತ, ಹೋತು, ಕಣ್ಣು ತಗೀರಿ, ಎಂದು ಹೇಳಿದ ಮೇಲೆಯೇ ತೆರೆದದ್ದು. ಮರುದಿನ ಊರಿಗೆ ಬಂದು, ಕೆಲಸ ತಡವಾಯಿತು, ಅಲ್ಲೇ ಉಳಿದೆ ಎಂದು ಹೆಂಡತಿಗೆ ಹೇಳಿದೆ. ಸಿನೆಮಾದ ಸುದ್ದಿ ತೆಗೆಯಲಿಲ್ಲ.

ಸಂಜೆ ಚಹಾದಂಗಡಿಯಲ್ಲಿ ಬಂಗಲೆಯ ಕಥೆ ಹೇಳಿದೆ. ಮಾಸ್ತರ ವೈನಿಯವರೂ ಬಂದಿದ್ದರೇನು ಎಂದು ಕೇಳಿದ. ಬಂದಿದ್ದಳು ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸದೆ, ಕಪಾಟಿನಿಂದ ಕೈ ಬಂದಾಗ ಅವಳು ಕಣ್ಣು ಮುಚ್ಚಿಕೊಂಡು ನಡುಗಿದಳು, ಆಮೇಲೆ ಏನೂ ನೋಡಲಿಲ್ಲ ಎಂದೆ. ಎಲ್ಲರೂ ನನ್ನ ಕಡೆಗೇ ತಿರುಗಿ ಕುಳಿತರು. ಬಹಳ ದಿನಗಳ ಮೇಲೆ ನನಗೆ ಚಹಾ ರುಚಿಸಿತು.

ಎರಡು ದಿನದಲ್ಲಿ ಅದು ಮಾಸ್ತರನ ಹೆಂಡತಿಯ ಬಾಯಿಂದ ನಮ್ಮ ಮನೆಗೆ ಬಂತು. ನಾನು ಕಚೇರಿಯಿಂದ ಬಂದಾಗ ಹೆಂಡತಿ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ನಾನೂ ಶಿಗ್ಗಾಂವಿಗೆ ಬಂದಿದ್ನಂತ?"

ನಾನು ಚಪ್ಪಲಿ ಬಿಡುತ್ತ ನಿಂತೆ.

"ನನ್ನ ಬಿಟ್ಟು ನೋಡಿ ಬಂದದ್ದು ಇರಲಿ. ನನ್ನ ಅಂಜಬುರುಕಿ ಯಾಕ ಮಾಡಿದ್ರಿ?"

ಬೇರೆ ಏನಾದರೂ ಹೇಳಬೇಕೆಂದಿದ್ದೆ. ಬಾಯಿಂದ ಮಾತ್ರ ಖರೆ ಮಾತೇ ಬಂತು. "ಎಲ್ಲಾರೂ ನಿನ್ನನ್ನ ಕೇಳತಾರ. ನನ್ನ ಯಾರೂ ಕೇಳಂಗಿಲ್ಲ."

ಅವಳು ನಗುವಳೆಂದು ಎಣಿಸಿದ್ದೆ. ನಗಲಿಲ್ಲ. ಒಂದು ಕಲ್ಲು ಆರಿಸಿ ಬದಿಗೆ ಹಾಕಿದಳು. "ನಾ ಕೇಳತಿದ್ದೆ. ಮನಿಗೆ ಬಂದ ಮ್ಯಾಲೆ ಎಷ್ಟು ಸಲ ಕೇಳೇನಿ. ನೀವು ಫೋಟೋಗ್ರಫಿ ಛಲೋ ಐತಿ ಅಂತ ಹೇಳಿ ಹೊಳ್ಳಿ ಮಲಗತಿದ್ರಿ. ನಿಮಗ ಹೆದರಿಕಿ ಆತೋ ಇಲ್ಲೋ, ಒಮ್ಮೆನೂ ಹೇಳಲಿಲ್ಲ."

ಅವಳು ಕೇಳಿದ್ದು ನನಗೆ ನೆನಪಿತ್ತು. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮರುದಿನ ಬೆಳಗ್ಗೆ ಮಾಸ್ತರ ಪತ್ರಿಕೆ ಕೇಳಲು ಮನೆಗೆ ಬಂದ. ವೈನಿ ಅಷ್ಟು ಹೆದರಿದ್ರಂತಲ್ಲ ಎಂದು ಸುಮ್ಮನೆ ಮಾತೆತ್ತಿದ. ಅವಳು ನನ್ನ ಸುಳ್ಳನ್ನು ಒಪ್ಪಲೂ ಇಲ್ಲ, ಬಿಚ್ಚಿ ಹೇಳಲೂ ಇಲ್ಲ. ಅದನ್ನ ಅವರಿಗೇ ಕೇಳ್ರಿ ಎಂದು ಚಹಾಕ್ಕಿಡಲು ಒಳಗೆ ಹೋದಳು. ನಾನು ಮಾಸ್ತರನಿಗೆ ಎಲ್ಲವನ್ನೂ ಹೇಳಿದೆ, ಕಣ್ಣು ಮುಚ್ಚಿಕೊಂಡವನು ನಾನೇ ಎಂಬುದನ್ನೂ. ಅವನು ಪತ್ರಿಕೆ ಮಡಚಿಟ್ಟು ಚಹಾ ಕುಡಿದು ಹೋದ. ಅಂಗಡಿಯಲ್ಲಿ ಆ ಮಾತನ್ನು ಎಂದೂ ಆಡಲಿಲ್ಲ. ಆ ಭಾನುವಾರವೇ ನಾನು ಹೆಂಡತಿಯನ್ನು ಬಸ್ಸು ಹತ್ತಿಸಿ ಶಿಗ್ಗಾಂವಿಗೆ ಕರೆದೊಯ್ದು ಅದೇ ಸಿನೆಮಾ ತೋರಿಸಿದೆ. ಕಪಾಟಿನ ಹತ್ತಿರ ನನಗೆ ಮತ್ತೆ ಹೆದರಿಕೆಯಾಯಿತು. ಹೊರಗೆ ಬಂದ ಮೇಲೆ ಹೇಳಿದೆ. ಅವಳು, ಆ ದೆವ್ವದ ಕೈಬೆರಳಿಗೆ ಎಲೆ ಅಡಿಕೆ ಹಾಕುವವರ ಹಾಗೆ ಸುಣ್ಣ ಹತ್ತಿತ್ತು ಎಂದಷ್ಟೇ ಅಂದಳು.

ಇದರಿಂದ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಯಾರೂ ತಿಳಿಯಬಾರದು. ಸಾವಿರದ ಒಂಬೈನೂರ ಅರವತ್ತರ ನಂತರ ಹಿರೇಕೆರೂರಿಗೆ ವರ್ಗವಾಯಿತು. ಅಲ್ಲಿ ಸಂಜೆ ಓಣಿಯ ಹೆಂಗಸರು ನಮ್ಮ ಕಟ್ಟೆಗೆ ಬಂದು ಸಿನೆಮಾ ಹೆಂಗಿತ್ತು ಹೇಳ್ರಿ ಎಂದು ಅವಳ ಸುತ್ತ ಕುಳಿತುಕೊಳ್ಳುತ್ತಿದ್ದರು. ಒಮ್ಮೆ ಡಕಾಯಿತರ ಸಿನೆಮಾ ನೋಡಿ ಬಂದಿದ್ದೆವು. ಹಂಚಿನ ಮಾಡಿನ ಮೇಲೆ ಆರು ಮಂದಿ ಹೊಡೆದಾಡಿದರೂ ಒಂದು ಹಂಚೂ ಒಡೆಯಲಿಲ್ಲವೆಂಬುದನ್ನು ನಾನೊಬ್ಬನೇ ಗಮನಿಸಿದ್ದೇನೆಂದು ಇಡೀ ದಿನ ಖುಷಿಯಲ್ಲಿದ್ದೆ. ಹೇಳಲೆಂದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಅವಳು ಕಟ್ಟೆಯ ಮೇಲೆ ಅದನ್ನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಒಳಗೆ ಹೋಗಿ ಕುಳಿತೆ. ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡಿ ಯಾಕ ಮಾರಿ ಹಂಗ ಮಾಡೀರಿ ಎಂದು ಕೇಳಿದಳು. ಏನೂ ಇಲ್ಲ, ಇನ್ನೊಂದು ರೊಟ್ಟಿ ಹಾಕು ಎಂದೆ.