ಆರನೇ ಮೆಟ್ಟಿಲಿನ ದ್ವಾರಕಾನಾಥರು

ಬೆಟ್ಟವೆಂದರೆ ಮೆಟ್ಟಿಲು, ಮೆಟ್ಟಿಲೆಂದರೆ ಒಂದು ಸಂಖ್ಯೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಮುಂಡಿ ಬೆಟ್ಟಕ್ಕೆ ಸಾವಿರ, ಶ್ರವಣಬೆಳಗೊಳಕ್ಕೆ ಆರುನೂರು ಚಿಲ್ಲರೆ, ತಿರುಪತಿಗೆ ಮೂರೂವರೆ ಸಾವಿರ. ಹೀಗಿರುವಾಗ ಇಟಲಿಯವರು ಸಿಕ್ಕ ಸಿಕ್ಕ ಗುಡ್ಡದ ತಲೆಯ ಮೇಲೆಲ್ಲ ಊರು ಕಟ್ಟಿಟ್ಟು, ಎಷ್ಟು ಮೆಟ್ಟಿಲೆಂದು ಎಲ್ಲೂ ಬರೆದಿಡಲಿಲ್ಲವೆಂದರೆ ದ್ವಾರಕಾನಾಥರು ಏನೆಂದುಕೊಳ್ಳಬೇಕು?

ಐವತ್ತೇಳು ವರ್ಷದ ದ್ವಾರಕಾನಾಥರು ಅಮೆರಿಕದ ರೆಡ್‌ವುಡ್ ಸಿಟಿಯ ಒಂದು ಟೇಪ್ ರೆಕಾರ್ಡರ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಇನ್‌ಸ್ಪೆಕ್ಟರು. ಡಬ್ಬಿಯಲ್ಲಿ ನೂರು ಸ್ಕ್ರೂ ಎಂದು ಬರೆದಿದ್ದರೆ ನೂರೇ ಇವೆಯೇ ಎಂದು ನೋಡುವ ಕೆಲಸ. ಎಣಿಸುವುದು ಅವರಿಗೆ ಹೊಟ್ಟೆಪಾಡೂ ಹೌದು, ಹುಟ್ಟುಗುಣವೂ ಹೌದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಇಟಲಿಯ ವಿಚಾರ ಎತ್ತಿದ್ದು ಹೆಂಡತಿ ಸತ್ಯವತಮ್ಮ. ಲಾಸ್ ಆಲ್ಟೋಸ್‌ನ ಲೈಬ್ರರಿಯಲ್ಲಿ ಜನ ಓದಿ ತಂದುಕೊಟ್ಟ ಪುಸ್ತಕಗಳನ್ನು ಮತ್ತೆ ಕಪಾಟಿಗೆ ಸೇರಿಸುವುದು ಆಕೆಯ ಕೆಲಸ. ಇಟಲಿಯ ಗುಡ್ಡದೂರುಗಳ ಫೋಟೋ ಪುಸ್ತಕವೊಂದು ಎಂಟು ವರ್ಷಗಳಿಂದ ಆಕೆಯ ಕೈಯಲ್ಲೇ ಹೋಗಿಬಂದು ಮಾಡುತ್ತಿತ್ತು. 1986ರ ಸಂಕ್ರಾಂತಿಯ ಮರುದಿನ ಅದನ್ನು ಮನೆಗೇ ತಂದು ಗಂಡನ ಮುಂದಿಟ್ಟರು.

“ರೀ, ಇದನ್ನ ನಾನು ನೋಡ್ಬೇಕು. ಮೂರು ಊರು ಸಾಕು. ಯಾವ್ಯಾವ್ದು ಅಂತ ನೀವೇ ಆರಿಸಿ. ನನಗೆ ಎಲ್ಲಾ ಚೆಂದಾನೇ ಕಾಣತ್ತೆ.”

ಅಷ್ಟು ವರ್ಷದ ರಜೆಗಳೆಲ್ಲ ಮೈಸೂರಿನ ಮದುವೆ, ಮುಂಜಿ, ತಿಥಿಗಳಿಗೇ ಹೋಗಿದ್ದವು. ತನಗಾಗಿ ಆಕೆ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ದ್ವಾರಕಾನಾಥರು ತಕ್ಷಣ ಹೂಂ ಎಂದರು. ಹೂಂ ಎಂದ ಮೇಲೆ ಎದೆ ಧಸಕ್ಕೆಂದಿತು.

ಏಕೆಂದರೆ ಅವರೊಬ್ಬರಿಗೇ ಗೊತ್ತಿದ್ದ ಸಂಗತಿಯೊಂದಿತ್ತು. ಅವರ ಮನೆಯ ಗರಾಜಿನಿಂದ ಅಡುಗೆಮನೆಗೆ ಒಂಬತ್ತು ಮೆಟ್ಟಿಲು. ದೀಪಾವಳಿಯಿಂದೀಚೆಗೆ ಆರನೆಯದಕ್ಕೆ ಬರುವಷ್ಟರಲ್ಲಿ ಎದೆಯ ಮೇಲೆ ಯಾರೋ ಅಕ್ಕಿಮೂಟೆ ಇಟ್ಟ ಹಾಗಾಗುತ್ತಿತ್ತು. ಅಲ್ಲೇ ನಿಂತು, ಅಂದಿನ ಪೋಸ್ಟಿನಲ್ಲಿ ಬಂದ ಕಾಗದಗಳನ್ನು ಓದುವವರಂತೆ ನಟಿಸಿ, ಸುಧಾರಿಸಿಕೊಂಡು ಮೇಲೆ ಹೋಗುತ್ತಿದ್ದರು. ಡಾಕ್ಟರಿಗೆ ಹೇಳಿದರೆ ಹೆಂಡತಿಯ ಪ್ರವಾಸಕ್ಕೆ ಕಲ್ಲು ಬೀಳುತ್ತದೆ. ಹೇಳದೆ ಹೋದರೆ ಗೊತ್ತುಗುರಿಯಿಲ್ಲದ ದೇಶದಲ್ಲಿ ಯಾವ ಮೆಟ್ಟಿಲ ಮೇಲೆ ತಾವೇ ಬೀಳಬೇಕೋ. ಉಳಿದದ್ದು ಒಂದೇ ದಾರಿ, ಮೆಟ್ಟಿಲು ಕಡಿಮೆಯಿರುವ ಮೂರು ಊರುಗಳನ್ನು ಹುಡುಕುವುದು.

ಹುಡುಕಿದಷ್ಟೂ ಗೊಂದಲ ಹೆಚ್ಚಿತು. ಯಾವ ಪೋಪು ಯಾವ ಊರಿಗೆ ಯಾವಾಗ ಬಂದ, ಯಾವ ವೈನಿಗೆ ಯಾವ ಚೀಸು ಹೊಂದುತ್ತದೆ ಎಂಬುದನ್ನೆಲ್ಲ ಪುಸ್ತಕಗಳು ಪುಟಗಟ್ಟಲೆ ಕೊರೆದಿದ್ದವು, ಮೆಟ್ಟಿಲಿನ ಸುದ್ದಿ ಮಾತ್ರ ಇಲ್ಲ. ಫೋಟೋಗಳೋ, ಎಲ್ಲವೂ ದೂರದಿಂದ ತೆಗೆದವು. ಟ್ರಾವೆಲ್ ಏಜೆನ್ಸಿಯ ಹೆಂಗಸು ಫೋನಿನಲ್ಲಿ ಅವರ ಪ್ರಶ್ನೆಯನ್ನು ಮೂರು ಸಲ ಹೇಳಿಸಿಕೊಂಡು, ಕೊನೆಗೆ ಹೋಟೆಲುಗಳ ಪಟ್ಟಿ ಕಳಿಸಿದಳು. ಕಾಲೇಜಿನಲ್ಲಿದ್ದ ಮಗ ಅರವಿಂದ, “ಡ್ಯಾಡ್, ಜಸ್ಟ್ ಪಿಕ್ ತ್ರೀ!” ಎಂದು ಫೋನಿಟ್ಟ.

ಕೊಲ್ಲಿಯಾಚೆಯ ನೆವಾರ್ಕ್‌ನಲ್ಲಿದ್ದ ಗೆಳೆಯ ಶೇಷಗಿರಿ ಹತ್ತು ದಿನದ ಬಸ್ ಟೂರಿನಲ್ಲಿ ಇಟಲಿಯೂ ಸೇರಿ ಏಳು ದೇಶ ನೋಡಿ ಬಂದಿದ್ದವನು. ದ್ವಾರಕಾನಾಥರು ಸೇತುವೆ ದಾಟಿ ಅವನ ಮನೆಗೂ ಹೋದರು.

“ಎಲ್ಲಾ ಒಂದೇ ಥರ ಕಣೋ ದ್ವಾರಕಾ. ಒಂದು ಚರ್ಚು, ಒಂದು ಗಡಿಯಾರ, ಇಷ್ಟೇ ಇಷ್ಟು ಕಾಫಿ.”

“ಅದಿರ್ಲಿ, ಹತ್ತಿದ್ದು ಹೇಗೆ? ಮೆಟ್ಟಿಲಾ?”

“ಬಸ್ಸು ಮೇಲಕ್ಕೇ ಹೋಯ್ತಪ್ಪ.” ಶೇಷಗಿರಿ ತಲೆ ಕೆರೆದುಕೊಂಡ. “ಇಲ್ಲ ಇಲ್ಲ, ಕೆಳಗೇ ನಿಲ್ಸಿದ್ರು ಅನ್ಸತ್ತೆ. ನನಗೆ ನಿದ್ದೆ ಬಂದಿತ್ತು ಮಾರಾಯ.”

ಕೇಳಿ ಕೆಟ್ಟೆ ಎನ್ನುತ್ತ ಮನೆಗೆ ಬಂದ ದ್ವಾರಕಾನಾಥರು ತಮಗೆ ತೋಚಿದ್ದನ್ನು ಮಾಡಿದರು. ಹನ್ನೊಂದು ಊರುಗಳ ಪುರಸಭೆಗೆ ಪತ್ರ ಬರೆದರು. “ಮಾನ್ಯರೇ, ತಮ್ಮ ಊರಿಗೆ ಬುಡದಿಂದ ತುದಿಯವರೆಗೆ ಒಟ್ಟು ಎಷ್ಟು ಮೆಟ್ಟಿಲುಗಳೆಂದು ದಯವಿಟ್ಟು ತಿಳಿಸುವುದು.” ಉತ್ತರ ಬರುವವರೆಗೆ ಕಾಲ ತಳ್ಳಬೇಕಿತ್ತು. ಹಾಗಾಗಿ ಸತ್ಯವತಮ್ಮ ಸಿಯೆನಾ ಎಂದರೆ ಇವರು ಅಲ್ಲಿ ಜನಜಂಗುಳಿ ಎಂದರು. ಕೊರ್ಟೋನಾ ಎಂದರೆ ಊಟಕ್ಕೆ ಕಷ್ಟ, ಒರ್ವಿಯೆಟೊ ಎಂದರೆ ಬಿಸಿಲು. ಒಂದು ದಿನ ತಾವೇ ಅಸಿಸಿ ಎಂದು ನಿಶ್ಚಯಿಸಿ, ಮರುದಿನ ಒಂದು ಫೋಟೋದಲ್ಲಿ ಅದರ ಕಡಿದಾದ ಬೀದಿ ಕಂಡು ಅದನ್ನೂ ಬೇಡವೆಂದರು. ಯುಗಾದಿಯೂ ಕಳೆಯಿತು. ಪಟ್ಟಿಯಲ್ಲಿ ಊರುಗಳಿಗಿಂತ ಗೀಟುಗಳೇ ಹೆಚ್ಚಾದವು.

ಒಂದು ಭಾನುವಾರ ಸತ್ಯವತಮ್ಮ ಆ ಪುಸ್ತಕವನ್ನು ಲೈಬ್ರರಿಯ ಚೀಲಕ್ಕೆ ಹಾಕಿಟ್ಟರು.

“ಬೇಡ ಬಿಡಿ. ನಿಮಗೆ ಮನಸ್ಸಿಲ್ಲ ಅಂತ ಗೊತ್ತಾಯ್ತು. ಈ ಸಲಾನೂ ಮೈಸೂರಿಗೇ ಹೋಗೋಣ.”

ಮನಸ್ಸಿದೆ, ಉಸಿರಿಲ್ಲ ಎನ್ನಲು ದ್ವಾರಕಾನಾಥರಿಗೆ ಬಾಯಿ ಬರಲಿಲ್ಲ. ಕೆಳಗೆ ಹೋಗಿ ತೊಳೆದ ಕಾರನ್ನೇ ಮತ್ತೆ ತೊಳೆದರು. ಕೈ ಕಾರಿನ ಮೇಲಿದ್ದರೂ ಮನಸ್ಸು ಚಾಮುಂಡಿ ಬೆಟ್ಟದಲ್ಲಿತ್ತು. ಅರವಿಂದ ಹುಟ್ಟಿದ ಮೇಲೆ ಸತ್ಯವತಿ ಮೆಟ್ಟಿಲುಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹರಕೆ ತೀರಿಸಿದ ದಿನ, ಇವರು ಕುಂಕುಮದ ಬಟ್ಟಲು ಹಿಡಿದು ಹಿಂದೆ ಹಿಂದೆ ನಡೆದಿದ್ದರು. ದೊಡ್ಡ ನಂದಿ ದಾಟಿದ ಮೇಲೆ ಆಕೆಗೆ ತಲೆ ಸುತ್ತಿ, ಇನ್ನು ಆಗುವುದಿಲ್ಲವೆಂದು ಕೂತುಬಿಟ್ಟಿದ್ದರು. ಆಗ ಇವರು ಪಕ್ಕಕ್ಕೆ ಬಂದು, ಒಂದೊಂದು ಮೆಟ್ಟಿಲಿಗೂ ಜೋರಾಗಿ ಲೆಕ್ಕ ಹೇಳುತ್ತ ಆಕೆಯನ್ನು ತುದಿಯವರೆಗೆ ಹತ್ತಿಸಿದ್ದರು. ಅಂಥವಳು ಈಗ ಮನಸ್ಸಿಲ್ಲದ ಗಂಡ ಎನ್ನುತ್ತಾಳಲ್ಲ! ಮೇಲೆ ಬರುವಾಗ ಆರನೇ ಮೆಟ್ಟಿಲಲ್ಲಿ ನಿಂತು ಜೇಬಿನಲ್ಲಿದ್ದ ಹಳೆಯ ಕರೆಂಟ್ ಬಿಲ್ಲನ್ನು ಓದಿದರು.

ಆ ವಾರ ಸತ್ಯವತಮ್ಮನಿಗೆ ನೆಗಡಿ. ಗುರುವಾರ ರಜ ಹಾಕಿ ಮನೆಯಲ್ಲಿದ್ದರು. ಸಂಜೆ ದ್ವಾರಕಾನಾಥರು ಬಂದು ನೋಡಿದರೆ ಪೋಸ್ಟ್ ಡಬ್ಬಿ ಖಾಲಿ. ಆದರೆ ಎದೆ ಡಬ್ಬಿಯ ಮಾತು ಕೇಳುತ್ತದೆಯೇ? ಆರನೇ ಮೆಟ್ಟಿಲಲ್ಲಿ ನಿಂತು, ಗ್ರೋಸರಿ ಅಂಗಡಿಯ ರಸೀತಿ ತೆಗೆದು ಓದತೊಡಗಿದರು.

“ಪೋಸ್ಟು ನನ್ನ ಹತ್ರ ಇದೆ ರೀ.”

ತಲೆಯೆತ್ತಿದರೆ ಸತ್ಯವತಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಇಟಲಿಯ ಸ್ಟಾಂಪಿದ್ದ, ಒಡೆದ ಲಕೋಟೆ. ಮೊಂತೆರಾಲ್ದೊ ಎಂಬ ಚಿಕ್ಕ ಊರಿನ ಗುಮಾಸ್ತನೊಬ್ಬ ತಿಣುಕಿ ತಿಣುಕಿ ಇಂಗ್ಲಿಷಿನಲ್ಲಿ ಬರೆದಿದ್ದ. ಸತ್ಯವತಮ್ಮ ಅದನ್ನು ಓದಿ ಕನ್ನಡದಲ್ಲಿ ಹೇಳಿದರು.

“ನಿಮ್ಮ ಕಾಗದ ನೋಡಿ ಮೊದ್ಲು ನಕ್ಕರಂತೆ. ಆಮೇಲೆ ಎಣಿಸೋಕೆ ಹೋದ್ರಂತೆ. ಆಫೀಸಲ್ಲಿ ನಾಲ್ಕು ಜನ, ನಾಲ್ಕು ಲೆಕ್ಕ ಬಂತಂತೆ. ಅವನ ತಾಯಿಗೆ ಎಂಬತ್ತನಾಲ್ಕು. ದಿನಾ ಹತ್ತಿ ಇಳೀತಾರಂತೆ. ಎಣಿಸ್ಬೇಡಿ, ಅಲ್ಲಲ್ಲಿ ಕೂತ್ಕೊಂಡು ಬನ್ನಿ ಅಂತ ಆ ತಾಯೀನೇ ಹೇಳಿದಾರೆ. ಬಾವಿ ಹತ್ರ ಒಂದು, ಬೀಡಾ ಅಂಗಡಿ ಥರದ್ದೇನೋ ಇದೆ, ಅಲ್ಲೊಂದು, ಚರ್ಚಿನ ಗೋಡೆ ಹತ್ರ ಒಂದು. ಒಟ್ಟು ಮೂರು ಕುರ್ಚಿ ಇದೆಯಂತೆ.”

ದ್ವಾರಕಾನಾಥರು ರಸೀತಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ಮೆಟ್ಟಿಲೆಷ್ಟು ಅಂತ ಯಾಕ್ರೀ ಕೇಳಿದ್ರಿ?”

“ಸುಮ್ನೆ, ತಿಳ್ಕೊಳ್ಳೋಣ ಅಂತ.”

“ಮೊನ್ನೆ ಭಾನುವಾರ ಕಾರು ತೊಳ್ದು ಬರ್ತಾ ಅಲ್ಲೇ ನಿಂತು ಏನೋ ಓದ್ತಿದ್ರಿ. ನಾನು ನೋಡ್ದೆ. ಭಾನುವಾರ ಪೋಸ್ಟು ಬರಲ್ಲ ರೀ.”

ಇನ್‌ಸ್ಪೆಕ್ಟರು ಸಿಕ್ಕಿಬಿದ್ದರು. ಮೆಟ್ಟಿಲ ಮೇಲೆ ಕುಸಿದು ಕೂತರು. ಸತ್ಯವತಮ್ಮ ಇಳಿದು ಬಂದು ಪಕ್ಕದಲ್ಲಿ ಕೂತರು.

“ಎಷ್ಟು ದಿನದಿಂದ?”

“ದೀಪಾವಳಿಯಿಂದ.”

ಸತ್ಯವತಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. “ಮನಸ್ಸಿಲ್ಲ ಅಂತ ನಿಮ್ಮನ್ನ ಅಂದ್ನಲ್ರೀ! ಇಟಲಿ ಮನೆ ಹಾಳಾಗ. ನೀವಿಲ್ದೆ ಆ ಗುಡ್ಡ ಹತ್ತಿ ನಾನೇನು ನೋಡ್ಲಿ?”

“ನೀನು ಮೊದಲ್ನೇ ಸಲ ಕೇಳಿದ್ದೆ, ಸತ್ಯ.” ಅಷ್ಟು ಹೇಳುವುದರೊಳಗೆ ಅವರ ಕಣ್ಣೂ ತುಂಬಿತು.

ಆಮೇಲೆ ಸತ್ಯವತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಈಗ್ಲೇ ಡಾಕ್ಟ್ರಿಗೆ ಫೋನ್ ಮಾಡ್ತೀನಿ. ಅವ್ರು ಬೇಡ ಅಂದ್ರೆ ಬೇಡ. ಹೋಗಿ ಅಂದ್ರೆ ಮೂರು ಊರು ಯಾಕೆ, ಮೂರು ಕುರ್ಚಿ ಇರೋ ಊರು ಒಂದೇ ಸಾಕು” ಎಂದರು.

ಮೂರು ತಿಂಗಳಿಂದ ತಲೆ ಕೆಡಿಸಿಕೊಂಡರೂ ದ್ವಾರಕಾನಾಥರಿಂದ ಆಗದ ಆಯ್ಕೆ ಹಾಗೆ ಮುಗಿಯಿತು. ಅವರು ಗೋಡೆ ಹಿಡಿದು ಎದ್ದು ನಿಂತರು, ಮೇಲಿನ ಮೆಟ್ಟಿಲುಗಳನ್ನು ನೋಡಿದರು. ಇನ್ನೂ ಮೂರಿದ್ದವು. ಸತ್ಯವತಮ್ಮ ಗಂಡನ ತೋಳು ಹಿಡಿದುಕೊಂಡು, ಅಂದು ಬೆಟ್ಟದಲ್ಲಿ ಅವರು ಹೇಳಿದಂತೆಯೇ ಜೋರಾಗಿ ಹೇಳಿದರು.

“ಏಳು.”