ನೀಲಿ ಬೆಳಕಿನಲ್ಲಿ ಬಾವಿಯ ನೀರು

ಆ ಕೋಣೆಯನ್ನು ನೆನೆದಾಗಲೆಲ್ಲ ಕಿಟಕಿಗೆ ಕಪ್ಪು ಪರದೆ ಕಾಣುತ್ತದೆ. ಅಲ್ಲಿ ಪರದೆ ಇರಲೇ ಇಲ್ಲ. ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದೆವು. ಅದರ ಒಂದು ಮೂಲೆ ಸದಾ ಬಿಟ್ಟುಕೊಂಡು, ಬಿಸಿಲಿನ ಸಣ್ಣ ಪಟ್ಟಿಯೊಂದು ಮೇಜಿನ ಮೇಲೆ ಬೀಳುತ್ತಿತ್ತು. ಪರದೆಯನ್ನು ನನ್ನ ನೆನಪು ಯಾವಾಗ ಹೊಲಿಸಿಕೊಂಡಿತೋ ಗೊತ್ತಿಲ್ಲ. ಹಾಗಾಗಿ ಇಲ್ಲಿ ನನಗೆ ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ಚಾಮರಾಜನಗರದ ಒಂದು ಕಾಲೇಜಿನ ಹಿಂಬದಿಗೆ ನಮ್ಮ ಎರಡು ಕೋಣೆಗಳು. ಒಂದರಲ್ಲಿ ಮೈಕ್ರೋಸ್ಕೋಪುಗಳು, ಇನ್ನೊಂದರಲ್ಲಿ ಅವು ತೆಗೆದ ಚಿತ್ರಗಳನ್ನು ಅಳೆದು ಎಣಿಸುವ ಕಂಪ್ಯೂಟರುಗಳು. ಯಾವ ವಿಭಾಗದ ಸ್ವತ್ತೂ ಅಲ್ಲ. ಸುತ್ತಲಿನವರೆಲ್ಲ ಮೊದಲೇ ಸಮಯ ಹೇಳಿ ಬರುತ್ತಿದ್ದರು. ರೇಷ್ಮೆ ಹುಳು ತರುವವರು, ಚೆಂಡುಹೂವಿನ ಎಲೆ ತರುವವರು, ಬಂಡೀಪುರದ ಕಡೆಯಿಂದ ಚಿರತೆಯ ಹಿಕ್ಕೆಯಲ್ಲಿ ಸಿಕ್ಕ ಕೂದಲು ತರುವವರು. ಎಲ್ಲವನ್ನೂ ನೋಡಿಕೊಳ್ಳುವ ಕೆಲಸ ನನ್ನದು. ಜೊತೆಗೆ ಚಂದಕವಾಡಿಯಿಂದ ಬರುವ ಅಟೆಂಡರ್ ಅಕ್ಕ.

ಆ ವರ್ಷ ಆಯುಧಪೂಜೆಯ ದಿನ ಮೈಕ್ರೋಸ್ಕೋಪುಗಳ ಹತ್ತಿರ ಅರಿಶಿನ ಕುಂಕುಮ ತರಕೂಡದು ಎಂದು ಅಕ್ಕನಿಗೆ ಹೇಳಿದ್ದೆ.

"ಅವ್ನ ಮುಟ್ಟಾಕಿಲ್ಲ ಬುಡಿ ಮೇಡಂ. ದುಡಿಯೋ ಸಾಮಾನ್ಗಾದ್ರೂ ಇಕ್ತೀನಿ" ಎಂದಳು ಅಕ್ಕ. ಕತ್ತರಿ, ಸ್ಕ್ರೂಡ್ರೈವರ್, ಚಿಮಟಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ ಪೂಜೆ ಮಾಡಿದಳು. ಕಡಲೆಪುರಿ ಹಂಚಿದಳು. ಮರುದಿನ ಬಟ್ಟೆಯಿಂದ ಎಲ್ಲವನ್ನೂ ಒರೆಸಿ ಅವುಗಳ ಜಾಗದಲ್ಲಿಟ್ಟಳು. ಒರೆಸಿದ್ದು ನಾನೇ ಇರಲೂಬಹುದು.

ಹಬ್ಬ ಕಳೆದ ಮೇಲೆ ಆ ಹುಡುಗಿ ಬಂದಳು. ಗುಂಡ್ಲುಪೇಟೆ ಕಡೆಯ ಹಳ್ಳಿಯವಳು, ಸಂಶೋಧನಾ ವಿದ್ಯಾರ್ಥಿನಿ. ತೆರೆದ ಬಾವಿಗಳ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳಿವೆಯೇ ಎಂದು ನೋಡುವುದು ಅವಳ ಕೆಲಸ. ನೀರನ್ನು ಬಿಲ್ಲೆಯಂಥ ಸೋಸುಕಾಗದದಲ್ಲಿ ಸೋಸಿ, ಪ್ಲಾಸ್ಟಿಕ್ಕಿಗೆ ಅಂಟುವ ಒಂದು ಬಣ್ಣ ಹಾಕಿ, ನೀಲಿ ಬೆಳಕಿನಡಿ ಇಟ್ಟರೆ ಚೂರುಗಳು ಕತ್ತಲಲ್ಲಿ ಹೊಳೆಯುತ್ತವೆ. ಕಂಪ್ಯೂಟರು ಹೊಳೆಯುವ ಚುಕ್ಕೆಗಳನ್ನು ಎಣಿಸುತ್ತದೆ. ಮೊದಲು ತಂದದ್ದು ತನ್ನ ಮನೆಯ ಹಿತ್ತಲ ಬಾವಿಯ ನೀರು.

ಕಂಪ್ಯೂಟರಿನ ಲೆಕ್ಕದಲ್ಲಿ ನೂರಾರು ಚುಕ್ಕೆ. ಅವಳು ಅಲ್ಲಿಂದಲೇ ಮನೆಗೆ ಫೋನ್ ಮಾಡಿದಳು.

"ಅವ್ವಾ, ಬಾವಿ ನೀರ ಕುಡೀಬ್ಯಾಡಿ. ಕ್ಯಾನ್ ನೀರ್ ತನ್ನಿ."

ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಯಾಕಮ್ಮೀ? ಕಪ್ಪೆ ಬಿದ್ದದಾ?"

ಶುದ್ಧ ನೀರಿನ ಘಟಕ ಅವರ ಊರಿನ ಆ ತುದಿಗೆ. ತಾಯಿ ದಿನವೂ ಬೆಳಿಗ್ಗೆ ಮಂಡಿನೋವು ಇಟ್ಟುಕೊಂಡು ಕ್ಯಾನು ಹೊತ್ತು ತರತೊಡಗಿದರಂತೆ. ಪಕ್ಕದ ಮನೆಯವರು, "ನಿಮ್ಮ ಬಾವಿಗೆ ಯಾನಾ ರೋಗ ಬಂದದೆ? ನಮ್ಗೇನೂ ಕಾಣದಲ್ಲ" ಎಂದು ಆಡಿಕೊಂಡರಂತೆ. ಮಗಳ ಮಾತಿಗೆ ತಾಯಿ ಕಟ್ಟುಬಿದ್ದಿದ್ದರು. ಅದೇ ಮಗಳಿಗೆ ಭಾರವಾಗಿತ್ತು.

ಮುಂದಿನ ಸಲ ಬಂದಾಗ ಅವಳು ಬೇರೆ ಬಾವಿಗಳ ನೀರನ್ನೂ ತಂದಿದ್ದಳು. ಎಲ್ಲವೂ ಒಂದೇ ಥರ ಹೊಳೆದವು. ಹೊಲದ ನಡುವಿನ ಬಾವಿಯೂ ಅಷ್ಟೇ, ರಸ್ತೆ ಪಕ್ಕದ್ದೂ ಅಷ್ಟೇ. ನೀರೇ ಇಲ್ಲದ ಒಂದು ಹೊಸ ಕಾಗದವನ್ನು ಇಟ್ಟು ನೋಡು ಎಂದೆ. ಅದೂ ಹೊಳೆಯಿತು.

ಅವಳು ಕಂಪ್ಯೂಟರಿನಲ್ಲಿ ಲೆಕ್ಕ ತೋರಿಸುವ ಕಿಟಕಿಯನ್ನು ಮುಚ್ಚಿ, ಬರೀ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಬಹಳ ಹೊತ್ತು ನೋಡುತ್ತ ಕುಳಿತಳು. ನಾನು ಚಹಾ ಕುಡಿದು ಬಂದಾಗಲೂ ಹಾಗೆಯೇ ಕುಳಿತಿದ್ದಳು.

"ಮೇಡಂ, ಈ ಚುಕ್ಕೆ ನಡುವೆ ಇಲ್ವೇ ಇಲ್ಲ. ಎಲ್ಲಾ ಒಂದ್ ಅಂಚಲ್ಲೇ ಅವೆ."

ಕಾಗದದ ಬಿಲ್ಲೆಯನ್ನು ಚಿಮಟ ಹಿಡಿಯುವುದು ಅಂಚಿನಲ್ಲೇ. ನಾವಿಬ್ಬರೂ ಚಿಮಟವನ್ನೇ ನೀಲಿ ಬೆಳಕಿಗೆ ಹಿಡಿದೆವು. ಅದರ ತುದಿಯ ಸಣ್ಣ ಗೀರುಗಳಲ್ಲಿ ಅರಿಶಿನ ದೀಪಾವಳಿಯ ಮತಾಪಿನ ಹಾಗೆ ಉರಿಯುತ್ತಿತ್ತು. ನೀಲಿ ಬೆಳಕಿನಡಿ ಅರಿಶಿನಕ್ಕೆ ಯಾವ ಬಣ್ಣದ ಸಹಾಯವೂ ಬೇಡ, ತಾನಾಗಿಯೇ ಹೊಳೆಯುತ್ತದೆ.

ಅಕ್ಕನನ್ನು ಕರೆದು ತೋರಿಸಿದೆವು. ಅವಳು ಇಣುಕಿ ನೋಡಿ, "ಎಷ್ಟ್ ಚೆಂದಾಗದೆ!" ಎಂದಳು. ಆಮೇಲೆ ನಮ್ಮ ಮುಖ ನೋಡಿ, ತೊಳೆಯಲು ಚಿಮಟಕ್ಕೆ ಕೈಚಾಚಿದಳು.

ಚಿಮಟವನ್ನು ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಖಾಲಿ ಕಾಗದದ ಚಿತ್ರ ಚುಕ್ಕೆಯಿಲ್ಲದೆ ಕಪ್ಪಗೆ ಬರುವವರೆಗೆ ಒರೆಸಿದೆವು. ಹುಡುಗಿ ಊರಿಗೆ ಹೋಗಿ ಮನೆ ಬಾವಿಯ ನೀರನ್ನು ಗಾಜಿನ ಬಾಟಲಿಯಲ್ಲಿ ಮತ್ತೆ ತಂದಳು. ಜೊತೆಗೆ ತಾಯಿಯೂ ಬಂದರು. "ನಂಗೆ ಹೇಳೋಕೆ ಆಗ್ನಿಲ್ಲ ಮೇಡಂ. ಇನ್ನೊಂದ್ ಸಲ ನನ್ ಮಾತ ಯಾರೂ ನಂಬಲ್ಲ. ಅವರೇ ನೋಡ್ಲಿ ಅಂತ ಕರ್ಕೊಂಡ್ ಬಂದೆ" ಎಂದು ಹೊರಗೆ ನನ್ನ ಕಿವಿಯಲ್ಲಿ ಹೇಳಿದಳು.

ಬಾಟಲಿಯ ನೀರನ್ನು ಸ್ವಲ್ಪ ಸೋಸಿ ಇಟ್ಟ ಮೇಲೆ ತಾಯಿ ಸ್ಟೂಲಿನ ಮೇಲೆ ಕೂತು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

"ಏನೋ ಕಡ್ಡಿ ಕಡ್ಡಿ ಕಾಣ್ತದೆ."

"ಅದು ನಿನ್ ರೆಪ್ಪೆ ಕಣವ್ವಾ. ಕಣ್ಣ ಇನ್ನೊಂಚೂರು ಹಿಂದಕ್ಕೆ ತಕ್ಕೋ."

ಮೊದಲ ಸಲ ನೋಡುವವರೆಲ್ಲ ತಮ್ಮ ರೆಪ್ಪೆಯನ್ನೇ ನೋಡುವುದು. ಆಮೇಲೆ ಅವರಿಗೆ ಕಪ್ಪು ಕಂಡಿತು. ಕಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ಹೊಳೆಯುವ ಎಳೆ. ಮಗಳು ಅರಿಶಿನದ ಕಥೆ ಹೇಳಿದಳು. ತಾಯಿ ಕಣ್ಣು ತೆಗೆಯದೆ ಕೇಳಿದರು.

"ಅಂಗಾದ್ರೆ ನಮ್ಮ ಬಾವೀಲಿ ಏನೂ ಇಲ್ಲ."

"ಅವೆ. ಕಮ್ಮಿ ಅವೆ."

"ಕುಡೀಬೋದಾ ಬ್ಯಾಡ್ವಾ? ಅದ ಹೇಳು."

ಹುಡುಗಿ ನನ್ನತ್ತ ನೋಡಿದಳು. ಅಷ್ಟು ಚೂರುಗಳು ಮೈಗೆ ಏನು ಮಾಡುತ್ತವೆ ಎಂದು ಆ ಯಂತ್ರ ಹೇಳುವುದಿಲ್ಲ. ಕ್ಯಾನಿನ ನೀರನ್ನು ನಾವು ಸೋಸಿಯೂ ಇರಲಿಲ್ಲ.

"ಗೊತ್ತಿಲ್ಲ ಕಣವ್ವಾ" ಎಂದಳು ಮಗಳು.

ತಾಯಿ ಕೋಪಗೊಂಡರು ಎಂದು ಬಹಳ ಕಾಲ ನೆನಪಿಟ್ಟುಕೊಂಡಿದ್ದೆ. ಹುಡುಗಿ ಈಚೆಗೆ ಸಿಕ್ಕಾಗ, ಇಲ್ಲ, ನಕ್ಕರು ಎಂದಳು. ಅವರು ಹೇಳಿದ್ದರ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಜಗಳವಿಲ್ಲ.

"ಗೊತ್ತಿಲ್ಲ ಅಂತ ಇದೊಂದ್ ಮಾತ ಮೊದ್ಲೇ ಹೇಳಿದ್ರೆ ನನ್ ಮಂಡಿ ಉಳೀತಿತ್ತಲ್ಲಮ್ಮೀ."

ಹಾಗೆಂದು ಮೇಜಿನ ಮೇಲಿದ್ದ ಗಾಜಿನ ಬಾಟಲಿ ತೆಗೆದು, ಬಾಯಿಗೆ ತಾಗಿಸದೆ ಎತ್ತಿ, ಗಟಗಟನೆ ಕುಡಿದರು. ಈ ಕೋಣೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂಬ ಫಲಕ ಅವರ ತಲೆಯ ಮೇಲೆಯೇ ಇತ್ತು.

"ಅವ್ವಾ! ಅದು ಸ್ಯಾಂಪಲ್ಲು!"

"ನಮ್ಮನೆ ನೀರು ತಾನೇ? ಮನೇಲಿ ಇನ್ನೂ ಅದೆ, ಬುಡು. ಬಾವಿ ತುಂಬ ಅದೆ."

ಹುಡುಗಿ ಬಾಟಲಿ ಕಿತ್ತುಕೊಂಡು ಬೆಳಕಿಗೆ ಹಿಡಿದು, ಎಷ್ಟು ಉಳಿದಿದೆ ಎಂದು ನೋಡಿದಳು. ಉಳಿದದ್ದನ್ನು ತೊಳೆದ ಚಿಮಟ ಹಿಡಿದು ಸೋಸತೊಡಗಿದಳು. ತಾಯಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಅದು ಮುಗಿಯುವವರೆಗೆ ಪಕ್ಕದಲ್ಲೇ ಕೂತಿದ್ದರು.